ಚೀಲ, ರೇಟ್ ಲಿಸ್ಟು, ಬಿಲ್ಲು: ಡ್ಯುಯಲ್ ಬೇಸಿಸ್‌ನಲ್ಲಿ ಆ ಟ್ರಾನ್ಸ್‌ಪೋಸ್ ಎಲ್ಲಿಂದ ಬರುತ್ತೆ?

ಪ್ರಶ್ನೆ: ಸರ್, ನಾನು ಎಂಎಸ್ಸಿ ಮ್ಯಾಥ್ಸ್ ಫಸ್ಟ್ ಸೆಮ್. ಡ್ಯುಯಲ್ ಸ್ಪೇಸ್ ಅಂದ್ರೆ ವೆಕ್ಟರ್ ತಗೊಂಡು ನಂಬರ್ ಕೊಡೋ ಲೀನಿಯರ್ ಫಂಕ್ಷನಲ್‌ಗಳ ಸ್ಪೇಸ್ ಅಂತ ಡೆಫಿನಿಷನ್ ಬಾಯಿಪಾಠ ಇದೆ. ಆದ್ರೆ ಅದು ರೋ ವೆಕ್ಟರ್ ತಾನೆ, ಕಾಲಮ್‌ನ ಮಲಗಿಸಿದ್ರೆ ರೋ ಆಯ್ತು, ಅದಕ್ಕೆ ಬೇರೆ ಸ್ಪೇಸ್ ಯಾಕೆ ಬೇಕು? ಬೇಸಿಸ್ ಚೇಂಜ್ ಮಾಡಿದಾಗ ಒಂದ್ಕಡೆ ಪಿ, ಒಂದ್ಕಡೆ ಪಿ ಇನ್ವರ್ಸ್, ಇನ್ನೊಂದ್ಕಡೆ ಪಿ ಟ್ರಾನ್ಸ್‌ಪೋಸ್, ಮತ್ತೊಂದ್ಕಡೆ ಇನ್ವರ್ಸ್ ಟ್ರಾನ್ಸ್‌ಪೋಸ್, ತಲೆ ಕೆಟ್ಟೋಗಿದೆ. ವಿ ಡಬಲ್ ಸ್ಟಾರ್ ನ್ಯಾಚುರಲ್, ವಿ ಸ್ಟಾರ್ ನ್ಯಾಚುರಲ್ ಅಲ್ಲ ಅಂತ ಹೇಳ್ತಾರಲ್ಲ, ಅದೂ ಅರ್ಥ ಆಗಿಲ್ಲ. ಇಂಟರ್ನಲ್ಸ್‌ನಲ್ಲಿ (1,1,0), (0,1,1), (1,0,1) ಈ ಬೇಸಿಸ್‌ಗೆ ಡ್ಯುಯಲ್ ಬೇಸಿಸ್ ಕೇಳಿದ್ರು, ನಾನು ಇನ್ವರ್ಸ್ ಸರಿಯಾಗೇ ಕಂಡುಹಿಡಿದು ಎಫ್1 = (ಎಕ್ಸ್ − ವೈ + ಝಡ್)/2, ಎಫ್2 = (ಎಕ್ಸ್ + ವೈ − ಝಡ್)/2, ಎಫ್3 = (−ಎಕ್ಸ್ + ವೈ + ಝಡ್)/2 ಅಂತ ಬರೆದೆ. ಮೂರೂ ಫಂಕ್ಷನಲ್ ಸರಿ ಇವೆ, ಆರ್ಡರ್ ತಪ್ಪು ಅಂತ ಮಾರ್ಕ್ಸ್ ಕಟ್ ಮಾಡಿದ್ರು. ಎಲ್ಲಿ ತಪ್ಪಾಯ್ತು?

ಉತ್ತರ: ನಿಮ್ಮ ಇಂಟರ್ನಲ್ಸ್ ಲೆಕ್ಕ ತುಂಬಾ ಮಜವಾಗಿದೆ, ಅದಕ್ಕೆ ಕೊನೇಲಿ ಬರ್ತೀನಿ, ಯಾಕಂದ್ರೆ ಅಲ್ಲಿ ಆಗಿರೋ ತಪ್ಪು ಏನು ಅಂತ ನಾನು ಹೇಳೋ ಮೊದ್ಲೇ ನಿಮಗೇ ಗೊತ್ತಾಗ್ಬೇಕು ಅನ್ನೋದು ನನ್ನಾಸೆ. ಮೊದ್ಲು ಆ "ಮಲಗಿಸಿದ್ರೆ ರೋ ಆಯ್ತು" ಅನ್ನೋ ಮಾತು ಹಿಡ್ಕೊಳ್ಳೋಣ, ಎಲ್ಲಾ ಗೋಜಲು ಅಲ್ಲಿಂದಾನೇ ಶುರು.

ದಿನಸಿ ಅಂಗಡಿಗೆ ಹೋಗೋಣ. ಸಾಮಾನು ಎರಡೇ, ಅಕ್ಕಿ ಮತ್ತೆ ತೊಗರಿಬೇಳೆ. ನಿಮ್ಮ ಚೀಲದಲ್ಲಿ 7 ಕೆಜಿ ಅಕ್ಕಿ 4 ಕೆಜಿ ಬೇಳೆ ಇದೆ, ಅಂದ್ರೆ ಚೀಲ (7, 4). ಇದು ವೆಕ್ಟರ್. ಅಂಗಡಿ ಗೋಡೆ ಮೇಲೆ ರೇಟ್ ಲಿಸ್ಟ್ ಇದೆ, ಅಕ್ಕಿ ಕೆಜಿಗೆ 60, ಬೇಳೆ ಕೆಜಿಗೆ 150 ಅಂತಿಟ್ಕೊಳ್ಳಿ. ಅದು [60 150]. ಬಿಲ್ಲು 7×60 + 4×150 = 420 + 600 = 1020 ರೂಪಾಯಿ. ರೇಟ್ ಲಿಸ್ಟು ಅಂದ್ರೆ ಫಂಕ್ಷನಲ್, ಯಾವ ಚೀಲ ತಂದ್ರೂ ಒಂದು ನಂಬರ್ ಕೊಡುತ್ತೆ, ಎರಡು ಚೀಲ ಕೂಡಿಸಿದ್ರೆ ಬಿಲ್ಲೂ ಕೂಡುತ್ತೆ, ಚೀಲ ಡಬಲ್ ಆದ್ರೆ ಬಿಲ್ಲೂ ಡಬಲ್. ಈಗ ಹೇಳಿ, (7, 4) ಅನ್ನೋ ಚೀಲವನ್ನ ಮಲಗಿಸಿದ್ರೆ ರೇಟ್ ಲಿಸ್ಟ್ ಆಗುತ್ತಾ? 7 ಕೆಜಿ ಅಕ್ಕಿ ಇದ್ದದ್ದು ಕೆಜಿಗೆ 7 ರೂಪಾಯಿ ಆಗಿಬಿಡುತ್ತಾ? ಎರಡೂ ಕಡೆ ಎರಡೆರಡು ನಂಬರ್ ಇದೆ ಅಷ್ಟೇ. ಒಂದು ಕೆಜಿ ಲೆಕ್ಕ, ಇನ್ನೊಂದು ಕೆಜಿಗೆ ರೂಪಾಯಿ ಲೆಕ್ಕ. ಚೀಲ ಚೀಲ ಕೂಡಿಸ್ಬಹುದು, ರೇಟು ರೇಟು ಕೂಡಿಸ್ಬಹುದು (ಮೂಲ ರೇಟು ಜೊತೆಗೆ ಟ್ಯಾಕ್ಸು, ಹಂಗೆ), ಚೀಲಕ್ಕೆ ರೇಟ್ ಕೂಡಿಸೋಕೆ ಹೋದ್ರೆ ಅಂಗಡಿಯವರು ನಿಮ್ಮನ್ನ ಮೇಲಿಂದ ಕೆಳಗೆ ನೋಡ್ತಾರೆ. ಅದಕ್ಕೇ ಎರಡು ಸ್ಪೇಸ್, ಚೀಲಗಳದ್ದು ವಿ, ರೇಟ್ ಲಿಸ್ಟುಗಳದ್ದು ವಿ ಸ್ಟಾರ್ (ಇದೇ ಡ್ಯುಯಲ್ ಸ್ಪೇಸ್).

ಸರಿ, ಈಗ ಬೇಸಿಸ್, ಅಂದ್ರೆ ಯಾವ ಮೂಲ ಚೀಲಗಳನ್ನ ಇಟ್ಕೊಂಡು ಲೆಕ್ಕ ಹಾಕ್ತೀವೋ ಅವನ್ನ, ಚೇಂಜ್ ಮಾಡೋಣ. ಅಂಗಡಿಯವರು ಇನ್ಮೇಲೆ ಬಿಡಿ ಮಾರಲ್ಲ, ಕಿಟ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ಸಣ್ಣ ಕಿಟ್‌ನಲ್ಲಿ 2 ಕೆಜಿ ಅಕ್ಕಿ 1 ಕೆಜಿ ಬೇಳೆ, ದೊಡ್ಡ ಕಿಟ್‌ನಲ್ಲಿ 3 ಕೆಜಿ ಅಕ್ಕಿ 2 ಕೆಜಿ ಬೇಳೆ. ಹೊಸ ಬೇಸಿಸ್ ವೆಕ್ಟರ್‌ಗಳನ್ನ ಹಳೇ ಲೆಕ್ಕದಲ್ಲಿ ಬರೆದು ಕಾಲಮ್ ಆಗಿ ನಿಲ್ಲಿಸಿದ್ರೆ ಪಿ ಬರುತ್ತೆ: ಮೊದಲನೇ ರೋ (2, 3), ಎರಡನೇ ರೋ (1, 2). ಡಿಟರ್ಮಿನೆಂಟ್ 4 − 3 = 1, ಹಾಗಾಗಿ ಇನ್ವರ್ಸ್ ಸಲೀಸು: ಮೊದಲನೇ ರೋ (2, −3), ಎರಡನೇ ರೋ (−1, 2).

ರೇಟ್ ಲಿಸ್ಟ್ ಏನಾಯ್ತು ಅಂತ ಮೊದ್ಲು ನೋಡಿ, ಯಾಕಂದ್ರೆ ಅದೇ ಸುಲಭ, ಅಂಗಡಿ ಹುಡುಗ ಕೂಡ ಮನಸ್ಸಲ್ಲೇ ಮಾಡ್ತಾನೆ. ಸಣ್ಣ ಕಿಟ್ 2×60 + 150 = 270, ದೊಡ್ಡ ಕಿಟ್ 3×60 + 2×150 = 480. ಅಂದ್ರೆ [60 150] ಅನ್ನೋ ರೋಗೆ ಬಲಗಡೆ ಪಿ ಗುಣಿಸಿದ್ವಿ, [270 480] ಬಂತು. ಇನ್ವರ್ಸ್ ಎಲ್ಲೂ ಬೇಕಾಗ್ಲಿಲ್ಲ. ಕಿಟ್ ಹೆಂಗೆ ಕಟ್ಟಿದಾರೋ ರೇಟೂ ಹಂಗೇ ಕಟ್ಕೊಳ್ತು.

ಚೀಲಕ್ಕೆ ಹಂಗಲ್ಲ. 7 ಕೆಜಿ ಅಕ್ಕಿ 4 ಕೆಜಿ ಬೇಳೆ ಆಗ್ಬೇಕಾದ್ರೆ ಎಷ್ಟು ಸಣ್ಣ ಕಿಟ್ ಎಷ್ಟು ದೊಡ್ಡ ಕಿಟ್ ಅಂತ ಈಕ್ವೇಷನ್ ಬಿಡಿಸ್ಬೇಕು, ಅಲ್ಲಿ ಇನ್ವರ್ಸ್ ಬಂದೇ ಬರುತ್ತೆ: 2×7 − 3×4 = 2 ಸಣ್ಣ ಕಿಟ್, −7 + 2×4 = 1 ದೊಡ್ಡ ಕಿಟ್. ಬಿಲ್ಲು 2×270 + 480 = 1020. ಅದೇ ಬಿಲ್ಲು! ಆಗ್ಲೇಬೇಕು, ಅದೇ ಸಾಮಾನು ಅದೇ ಬೆಲೆ, ಕಟ್ಟೋ ರೀತಿ ಮಾತ್ರ ಬೇರೆ. (1 ಕೆಜಿ ಅಕ್ಕಿ ಮಾತ್ರ ಬೇಕು ಅಂದ್ರೆ 2 ಸಣ್ಣ ಕಿಟ್ ತಗೊಂಡು ಅದ್ರಿಂದ ಒಂದು ದೊಡ್ಡ ಕಿಟ್ ಕಟ್ಟಿ ವಾಪಸ್ ಕೊಡ್ಬೇಕು, 540 − 480 = 60 ರೂಪಾಯಿ, ಸರಿಯಾಗೇ ಬರುತ್ತೆ, ಅಂಗಡಿಯವರು ವಾಪಸ್ ತಗೋತಾರಾ ಅನ್ನೋದು ಬೇರೆ ಮಾತು.)

ಇಡೀ ಚಾಪ್ಟರ್‌ನಲ್ಲಿ ಹಿಡ್ಕೋಬೇಕಾಗಿರೋದು ಈ ಬಿಲ್ಲನ್ನೇ. ಚೀಲದ ನಂಬರ್‌ಗಳು ಪಿ ಇನ್ವರ್ಸ್‌ನಿಂದ ಬದಲಾಗ್ತವೆ, ರೇಟಿನ ನಂಬರ್‌ಗಳು ಪಿ ನಿಂದ ಬದಲಾಗ್ತವೆ, ಗುಣಿಸಿದಾಗ ಮಧ್ಯದಲ್ಲಿ ಪಿ ಇಂಟು ಪಿ ಇನ್ವರ್ಸ್ ಒಂದನ್ನೊಂದು ನುಂಗಿ ಹಾಕ್ತವೆ, ಬಿಲ್ಲು ಅಲ್ಲಾಡಲ್ಲ. ಯಾವುದಕ್ಕೆ ಯಾವ ಮ್ಯಾಟ್ರಿಕ್ಸ್ ಅಂತ ಮರೆತುಹೋದ್ರೆ ಬಾಯಿಪಾಠ ಹುಡುಕ್ಬೇಡಿ, ಬಿಲ್ಲು ಬದಲಾಗ್ಬಾರದು ಅಂತ ಬರ್ಕೊಂಡು ಅಲ್ಲಿಂದ ತೆಗೀರಿ.

ಹಂಗಾದ್ರೆ ಟ್ರಾನ್ಸ್‌ಪೋಸ್ (ರೋಗಳನ್ನ ಕಾಲಮ್ ಮಾಡಿ ಬರೆಯೋದು) ಎಲ್ಲಿಂದ ಬಂತು? ನೋಡಿ, ಮೇಲೆ ನಾನು ಎಲ್ಲೂ ಬಳಸಿಲ್ಲ. ರೇಟ್ ಲಿಸ್ಟನ್ನ ರೋ ಆಗೇ ಬಿಟ್ಟಿದ್ದೀನಿ. ಕೆಲವು ಪುಸ್ತಕಗಳು "ವಿ ಸ್ಟಾರ್ ಕೂಡ ಒಂದು ವೆಕ್ಟರ್ ಸ್ಪೇಸ್ ತಾನೆ, ಅದರ ಕೋಆರ್ಡಿನೇಟ್ಸೂ ಕಾಲಮ್‌ನಲ್ಲೇ ಬರೀಬೇಕು" ಅಂತ ಹಠ ಹಿಡೀತವೆ. ಆಗ [60 150] ಎದ್ದು ನಿಂತ್ಕೊಳುತ್ತೆ, ಬಲಗಡೆಯಿಂದ ಗುಣಿಸ್ತಿದ್ದ ಪಿ ಎಡಗಡೆಗೆ ಬರ್ಬೇಕು, ಬರುವಾಗ ಪಿ ಟ್ರಾನ್ಸ್‌ಪೋಸ್ ಆಗಿ ಬರುತ್ತೆ. ಅಷ್ಟೇ. ಅದು ಬರವಣಿಗೆಯ ವಿಷಯ, ಗಣಿತದಲ್ಲಿ ಹೊಸದೇನೂ ಆಗಿಲ್ಲ. ಮತ್ತೆ "ಪಿ ಇನ್ವರ್ಸ್ ಟ್ರಾನ್ಸ್‌ಪೋಸ್" ಅಂತ ಬರೆದಿರೋ ಪುಸ್ತಕ ನೋಡಿದ್ರೆ ಗಾಬರಿ ಆಗ್ಬೇಡಿ, ಅವರು ಹೇಳ್ತಿರೋದು ರೇಟಿನ ನಂಬರ್‌ಗಳ ಬಗ್ಗೆ ಅಲ್ಲ, ಡ್ಯುಯಲ್ ಬೇಸಿಸ್‌ನ ಮೆಂಬರ್‌ಗಳ ಬಗ್ಗೆ (ಅದೇನು ಅಂತ ಸ್ವಲ್ಪ ಮುಂದೆ ಹೇಳ್ತೀನಿ). ವಿ ಸ್ಟಾರ್ ಒಳಗೆ ಹಳೇ ಡ್ಯುಯಲ್ ಬೇಸಿಸ್‌ನಿಂದ ಹೊಸ ಡ್ಯುಯಲ್ ಬೇಸಿಸ್‌ಗೆ ಹೋಗೋ ಮ್ಯಾಟ್ರಿಕ್ಸ್ ಪಿ ಇನ್ವರ್ಸ್ ಟ್ರಾನ್ಸ್‌ಪೋಸ್, ಕೋಆರ್ಡಿನೇಟ್ಸ್ ಯಾವತ್ತೂ ಬೇಸಿಸ್ ಮ್ಯಾಟ್ರಿಕ್ಸ್‌ನ ಇನ್ವರ್ಸ್‌ನಿಂದ ಬದಲಾಗ್ತವೆ, ಅದರ ಇನ್ವರ್ಸ್ ತಗೊಂಡ್ರೆ ಪಿ ಟ್ರಾನ್ಸ್‌ಪೋಸ್. ಎರಡೂ ಪುಸ್ತಕ ಸರಿ, ಹೇಳ್ತಿರೋದು ಬೇರೆ ಬೇರೆ ವಸ್ತು ಬಗ್ಗೆ. ಇದರ ಮೇಲೆ ಇನ್ನೊಂದು ಕಾಟ ಇದೆ, ಕೆಲವರು ನಾನು ಪಿ ಅಂದಿದ್ದನ್ನ "ಹಳೇದ್ರಿಂದ ಹೊಸದಕ್ಕೆ" ಅಂತಾರೆ, ಕೆಲವರು ಅದರ ಇನ್ವರ್ಸ್‌ನ ಹಾಗಂತಾರೆ, ಈ ಹೆಸರನ್ನ ನಂಬ್ಕೊಂಡು ಎಕ್ಸಾಮ್‌ಗೆ ಹೋಗ್ಬೇಡಿ, ಕಾಲಮ್‌ನಲ್ಲಿ ಏನು ನಿಂತಿದೆ ಅಂತ ಮಾತ್ರ ನೋಡಿ.

ಬೇಸಿಸ್ ಜೊತೆಗೇ ಹೋಗೋದನ್ನ ಕೋವೇರಿಯಂಟ್, ಎದುರು ದಿಕ್ಕಿಗೆ ಹೋಗೋದನ್ನ ಕಾಂಟ್ರಾವೇರಿಯಂಟ್ ಅಂತಾರೆ, ಈ ಹೆಸರಿಟ್ಟಿದ್ದು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ 1850ರ ದಶಕದಲ್ಲಿ, ಮ್ಯಾಟ್ರಿಕ್ಸ್ ಅನ್ನೋ ಪದಾನೂ ಅವರದ್ದೇ, 1850ರದ್ದು. ಒಂದೇ ಡೈಮೆನ್ಷನ್‌ನಲ್ಲಿ ಇದು ನಿಮಗೆ ಹೈಸ್ಕೂಲಿಂದಾನೇ ಗೊತ್ತು. ಎತ್ತರ ಹೋದಂಗೆಲ್ಲ ಗಾಳಿ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಣ್ಣಗಾಗುತ್ತೆ ಅಂತ ಸ್ಟ್ಯಾಂಡರ್ಡ್ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, 0.9 ಕಿಲೋಮೀಟರ್ ಇಂಟು 6.5, ಹತ್ತಿರ ಹತ್ತಿರ 5.85 ಡಿಗ್ರಿ. ಯೂನಿಟ್ಟನ್ನ ಮೀಟರ್ ಮಾಡಿ, ಅಂದ್ರೆ ಬೇಸಿಸ್ ವೆಕ್ಟರ್ ಸಾವಿರದಲ್ಲೊಂದು ಪಾಲಾಯ್ತು. ಎತ್ತರದ ನಂಬರ್ ಸಾವಿರ ಪಟ್ಟು ಹಿಗ್ಗಿ 900 ಆಯ್ತು, ಮೀಟರಿಗೆ ಡಿಗ್ರಿ ಅನ್ನೋ ನಂಬರ್ ಕುಗ್ಗಿ 0.0065 ಆಯ್ತು, ಗುಣಿಸಿದ್ರೆ ಅದೇ 5.85. ಗ್ರೇಡಿಯಂಟ್ ಅನ್ನೋದು ನಿಜಕ್ಕೂ ವೆಕ್ಟರ್ ಅಲ್ಲ, ಫಂಕ್ಷನಲ್, ಅನ್ನೋದು ಇದೇ ಕಾರಣಕ್ಕೆ.

ಈಗ ನಂಗೆ ತುಂಬಾ ಇಷ್ಟವಾದ ಜಾಗಕ್ಕೆ ಬರ್ತೀನಿ, ಕ್ಲಾಸಲ್ಲಿ ಇದನ್ನ ಯಾರೂ ನಿಂತು ಹೇಳಲ್ಲ. ಡ್ಯುಯಲ್ ಬೇಸಿಸ್ ಅಂದ್ರೇನು? "ಚೀಲದಲ್ಲಿ ಸಣ್ಣ ಕಿಟ್ ಎಷ್ಟಿದೆ?" ಅನ್ನೋ ಪ್ರಶ್ನೆ ಒಂದು ಫಂಕ್ಷನಲ್, "ದೊಡ್ಡ ಕಿಟ್ ಎಷ್ಟಿದೆ?" ಅನ್ನೋದು ಇನ್ನೊಂದು. ಅಕ್ಕಿ ಕೆಜಿನ ಅ ಅಂತ, ಬೇಳೆ ಕೆಜಿನ ಬೇ ಅಂತ ಬರೆದ್ರೆ ಮೊದಲನೇದು 2ಅ − 3ಬೇ, ಎರಡನೇದು −ಅ + 2ಬೇ. ಚೆಕ್ ಮಾಡಿ, ಪ್ರತಿಯೊಂದೂ ತನ್ನ ಕಿಟ್ ಮೇಲೆ 1, ಇನ್ನೊಂದರ ಮೇಲೆ 0 ಕೊಡ್ಬೇಕು: ಸಣ್ಣ ಕಿಟ್ (2, 1) ಹಾಕಿದ್ರೆ ಮೊದಲನೇದು 4 − 3 = 1, ಎರಡನೇದು −2 + 2 = 0. ದೊಡ್ಡ ಕಿಟ್ (3, 2) ಹಾಕಿದ್ರೆ 6 − 6 = 0, −3 + 4 = 1. ಸರಿ ಇದೆ. ಈ 2, −3 ಮತ್ತೆ −1, 2 ಎಲ್ಲಿ ನೋಡಿದ್ವಿ? ಪಿ ಇನ್ವರ್ಸ್‌ನ ರೋಗಳು! ಪಿ ನ ಕಾಲಮ್‌ಗಳು ಬೇಸಿಸ್, ಪಿ ಇನ್ವರ್ಸ್‌ನ ರೋಗಳು ಡ್ಯುಯಲ್ ಬೇಸಿಸ್. ಇದನ್ನ ಪಕ್ಕಕ್ಕೆ ಬರೆದಿಟ್ಕೊಳ್ಳಿ.

ಈಗ ಅಂಗಡಿಯವರು ಸಣ್ಣ ಕಿಟ್‌ನ ಮುಟ್ಟದೇ ದೊಡ್ಡ ಕಿಟ್ ತೆಗೆದುಹಾಕಿ ಅದರ ಜಾಗದಲ್ಲಿ ಮರಿ ಕಿಟ್ ಇಟ್ರು, 1 ಕೆಜಿ ಅಕ್ಕಿ 1 ಕೆಜಿ ಬೇಳೆ. ಸಣ್ಣ ಕಿಟ್ ಅದೇ (2, 1). ನಿಮ್ಮ ಚೀಲ ಅದೇ (7, 4). ಚೀಲದಲ್ಲಿ ಸಣ್ಣ ಕಿಟ್ ಎಷ್ಟು? ಮೊದ್ಲು 2 ಇತ್ತು. ಈಗ ಲೆಕ್ಕ ಹಾಕಿ: 3 ಸಣ್ಣ ಕಿಟ್ ಅಂದ್ರೆ (6, 3), ಜೊತೆಗೆ 1 ಮರಿ ಕಿಟ್, ಒಟ್ಟು (7, 4). ಈಗ 3! ಸಣ್ಣ ಕಿಟ್ ಬದಲಾಗಿಲ್ಲ, ಚೀಲ ಬದಲಾಗಿಲ್ಲ, ಆದ್ರೂ "ಸಣ್ಣ ಕಿಟ್ ಎಷ್ಟು" ಅನ್ನೋದರ ಉತ್ತರ ಬದಲಾಯ್ತು. ಆ ಫಂಕ್ಷನಲ್ 2ಅ − 3ಬೇ ಇದ್ದದ್ದು ಅ − ಬೇ ಆಗಿದೆ.

ಇದನ್ನ ಮೊದಲನೇ ಸಲ ನೋಡಿದಾಗ ನಂಗೆ ಒಂಥರಾ ಶಾಕ್ ಆಗಿತ್ತು. ಇ1 ಪಕ್ಕದಲ್ಲಿ ಅದರ ಡ್ಯುಯಲ್ ಇ1 ಸ್ಟಾರ್ ಅಂತ ಬರೀತೀವಲ್ಲ, ಆ ಬರವಣಿಗೆ ನೋಡಿದ್ರೆ ಇ1 ಒಂದೇ ಕೊಟ್ರೆ ಇ1 ಸ್ಟಾರ್ ಸಿಗುತ್ತೆ ಅನ್ಸುತ್ತೆ. ಸಿಗಲ್ಲ. ಒಂದೇ ವೆಕ್ಟರ್‌ಗೆ ಡ್ಯುಯಲ್ ಅನ್ನೋದೇ ಇಲ್ಲ, ಇಡೀ ಬೇಸಿಸ್ ಕೊಟ್ರೆ ಇಡೀ ಡ್ಯುಯಲ್ ಬೇಸಿಸ್ ಒಟ್ಟಿಗೆ ಸಿಗುತ್ತೆ. ಗ್ರಾಫ್ ಹಾಳೆ ಮೇಲೆ ಬಿಡಿಸಿ ನೋಡಿ: "ಸಣ್ಣ ಕಿಟ್ ಎಷ್ಟು" ಅನ್ನೋ ಫಂಕ್ಷನಲ್ ದೊಡ್ಡ ಕಿಟ್ ಮೇಲೆ ಸೊನ್ನೆ ಆಗ್ಬೇಕು, ಅಂದ್ರೆ ಅದರ ಸೊನ್ನೆ ಗೆರೆ ದೊಡ್ಡ ಕಿಟ್‌ನ ದಿಕ್ಕಲ್ಲೇ ಹೋಗುತ್ತೆ, ಅದಕ್ಕೆ ಪ್ಯಾರಲಲ್ ಆಗಿ 1, 2, 3ರ ಗೆರೆಗಳು. ಸಣ್ಣ ಕಿಟ್ ಹೇಳೋದು ಗೆರೆ ಗೆರೆ ನಡುವಿನ ಅಂತರ ಮಾತ್ರ, ಗೆರೆಗಳ ದಿಕ್ಕು ತೀರ್ಮಾನ ಮಾಡೋದು ಉಳಿದ ಬೇಸಿಸ್ ವೆಕ್ಟರ್‌ಗಳು. ಅಕ್ಕಪಕ್ಕದವರು ಬದಲಾದ್ರೆ ಗೆರೆಗಳೆಲ್ಲ ಓರೆ ಆಗ್ತವೆ. ಇನ್ವರ್ಸ್ ಮ್ಯಾಟ್ರಿಕ್ಸ್‌ನಲ್ಲೂ ಅದೇ ತಾನೆ ಆಗೋದು, ಪಿ ನಲ್ಲಿ ಒಂದು ಕಾಲಮ್ ಮುಟ್ಟಿ, ಇನ್ವರ್ಸ್‌ನಲ್ಲಿ ಬೇರೆ ರೋಗಳೂ ಕದಲ್ತವೆ.

ಹಾಂ, ಒಂದು ಗಮನಿಸಿದ್ರಾ, ಮರಿ ಕಿಟ್ ಇಟ್ಟಾಗ ಪಿ ನ ರೋಗಳು (2, 1), (1, 1), ಸಿಮೆಟ್ರಿಕ್ ಆಗೋಯ್ತು. ಇಂಥ ಎಕ್ಸಾಂಪಲ್‌ನಲ್ಲಿ ಟ್ರಾನ್ಸ್‌ಪೋಸ್ ಮಾಡೋಕೆ ಮರೆತ್ರೂ ಉತ್ತರ ಸರಿ ಬರುತ್ತೆ, ತಪ್ಪು ಕಲ್ತಿದೀವಿ ಅಂತ ಗೊತ್ತೇ ಆಗಲ್ಲ. ನಂಗೆ ಪಾಠ ಮಾಡಿದ ಮೇಷ್ಟ್ರೊಬ್ಬರು ಬೋರ್ಡ್ ಮೇಲೆ ಮಾಡಿದ್ದೆಲ್ಲ ಸಿಮೆಟ್ರಿಕ್, ಇಲ್ಲಾಂದ್ರೆ ರೊಟೇಷನ್, ವರ್ಷಪೂರ್ತಿ ನಾನು ರೋ ಕಾಲಮ್ ಎರಡೂ ಒಂದೇ ಅನ್ಕೊಂಡೇ ಫುಲ್ ಮಾರ್ಕ್ಸ್ ತಗೊಂಡೆ, ಫೈನಲ್‌ನಲ್ಲಿ ಸಿಕ್ಕಿಬಿದ್ದೆ. ಅದಕ್ಕೇ ನೀವು ಪ್ರಾಕ್ಟೀಸ್ ಮಾಡುವಾಗ ಬೇಕಂತಲೇ ವಕ್ರ ಮ್ಯಾಟ್ರಿಕ್ಸ್ ತಗೊಳ್ಳಿ.

ರೊಟೇಷನ್ ಅಂದೆನಲ್ಲ, ಅದೇ ನಿಮ್ಮ ನ್ಯಾಚುರಲ್ ಪ್ರಶ್ನೆಗೆ ದಾರಿ. "ಇ1 ನ ಇ1 ಸ್ಟಾರ್‌ಗೆ, ಇ2 ನ ಇ2 ಸ್ಟಾರ್‌ಗೆ ಕಳಿಸಿಬಿಟ್ರೆ ವಿ ಮತ್ತೆ ವಿ ಸ್ಟಾರ್ ಒಂದೇ ಆಯ್ತಲ್ಲ" ಅಂತ ನೀವು ಕೇಳ್ತೀರ. ಮಾಡಿ ನೋಡೋಣ. ಅಕ್ಕಿ-ಬೇಳೆ ಬೇಸಿಸ್‌ನಲ್ಲಿ ಕೂತು ಈ ನಿಯಮ ಹಾಕಿದ್ರೆ ಸಣ್ಣ ಕಿಟ್ (2, 1) ಹೋಗೋದು 2ಅ + ಬೇ ಅನ್ನೋ ಫಂಕ್ಷನಲ್‌ಗೆ. ಸಣ್ಣ-ದೊಡ್ಡ ಕಿಟ್ ಬೇಸಿಸ್‌ನಲ್ಲಿ ಕೂತು ಅದೇ ನಿಯಮ ಹಾಕಿದ್ರೆ ಅದೇ ಸಣ್ಣ ಕಿಟ್ ಹೋಗೋದು 2ಅ − 3ಬೇಗೆ. ಎರಡು ಬೇರೆ ಬೇರೆ! ಅಂದ್ರೆ ಆ ನಿಯಮ ವಿ ಗೆ ಸೇರಿದ್ದಲ್ಲ, ನೀವು ಆರಿಸ್ಕೊಂಡ ಬೇಸಿಸ್‌ಗೆ ಸೇರಿದ್ದು. ಎರಡೂ ಒಂದೇ ಆಗೋದು ಪಿ ಇನ್ವರ್ಸ್ ಅಂದ್ರೆ ಪಿ ಟ್ರಾನ್ಸ್‌ಪೋಸೇ ಆದಾಗ ಮಾತ್ರ, ಅಂದ್ರೆ ಪಿ ಆರ್ಥೋಗೋನಲ್ ಆದಾಗ, ರೊಟೇಷನ್ ಅದ್ರಲ್ಲಿ ಬರುತ್ತೆ. ಎಂಜಿನಿಯರಿಂಗ್‌ನಲ್ಲಿ ಬಹುತೇಕ ಎಲ್ಲ ಆರ್ಥೋನಾರ್ಮಲ್ ಆಕ್ಸಿಸ್ ಇಟ್ಕೊಂಡೇ ಕೆಲಸ ಮಾಡ್ತಾರೆ, ಹಾಗಾಗಿ ಡ್ಯುಯಲ್ ಅನ್ನೋ ಮಾತೇ ಎತ್ತದೆ ಜೀವನ ಕಳೀಬಹುದು. ಇನ್ನರ್ ಪ್ರಾಡಕ್ಟ್ (ಉದ್ದ, ಕೋನ ಅಳೆಯೋ ನಿಯಮ) ಕೊಟ್ರೆ ವಿ ನಿಂದ ವಿ ಸ್ಟಾರ್‌ಗೆ ಒಂದು ಗಟ್ಟಿ ಸೇತುವೆ ಸಿಗುತ್ತೆ ನಿಜ, ಹಿಲ್ಬರ್ಟ್ ಸ್ಪೇಸ್‌ಗೆ ಆ ಮಾತನ್ನ ರೀಸ್ ಮತ್ತೆ ಫ್ರೆಷೆ 1907ರಲ್ಲಿ ಬೇರೆ ಬೇರೆಯಾಗಿ ತೋರಿಸಿದ್ರು, ಆದ್ರೆ ಇನ್ನರ್ ಪ್ರಾಡಕ್ಟ್ ಅನ್ನೋದು ಮೇಲಿಂದ ತಂದು ಇಟ್ಟ ವಸ್ತು. ಅಕ್ಕಿಗೂ ಬೇಳೆಗೂ ನಡುವೆ 90 ಡಿಗ್ರಿ ಕೋನ ಇದೆ ಅಂತ ಯಾರು ಹೇಳಿದ್ರು ಹೇಳಿ? ಪೇಪರ್ ಮೇಲೆ ನಾವೇ ಹಂಗೆ ಗೆರೆ ಎಳೆದಿದ್ದು.

ಡಬಲ್ ಸ್ಟಾರ್‌ಗೆ ಈ ತಾಪತ್ರಯ ಇಲ್ಲ. ಚೀಲ ಒಂದು ಕೊಡಿ, ಅದು ತಾನೇ ಒಂದು ಯಂತ್ರ ಆಗಿಬಿಡುತ್ತೆ: "ಯಾವ ಅಂಗಡಿ ರೇಟ್ ಲಿಸ್ಟ್ ಬೇಕಾದ್ರೂ ತನ್ನಿ, ನನ್ನ ಬಿಲ್ಲು ಎಷ್ಟಾಗುತ್ತೆ ಅಂತ ಹೇಳ್ತೀನಿ." ರೇಟ್ ಲಿಸ್ಟ್ ತಗೊಂಡು ನಂಬರ್ ಕೊಡೋ ಲೀನಿಯರ್ ಯಂತ್ರ, ಅಂದ್ರೆ ವಿ ಡಬಲ್ ಸ್ಟಾರ್‌ನ ಮೆಂಬರ್. ಇಲ್ಲಿ ಬೇಸಿಸ್ ಎಲ್ಲಿ ಬಂತು? ಬರ್ಲೇ ಇಲ್ಲ. ಕೆಜಿ ಲೆಕ್ಕ ಹಾಕೋರೂ ಕಿಟ್ ಲೆಕ್ಕ ಹಾಕೋರೂ ಒಂದೇ ಯಂತ್ರ ಕಟ್ತಾರೆ. ನ್ಯಾಚುರಲ್ ಅಂದ್ರೆ ಇಷ್ಟೇ, ಯಾರ ಆಯ್ಕೆಯನ್ನೂ ಕೇಳದೆ ಬರೋದು. ಈ "ಇಷ್ಟೇ"ನ ಸರಿಯಾಗಿ ಡೆಫಿನಿಷನ್ ಮಾಡೋಕೆ ಹೋಗಿ ಐಲೆನ್‌ಬರ್ಗ್ ಮತ್ತೆ ಮ್ಯಾಕ್‌ಲೇನ್ 1945ರಲ್ಲಿ ಕೆಟಗರಿ ಥಿಯರಿ ಶುರು ಮಾಡಿದ್ರು, ಆ ಪೇಪರ್ ಶುರುವಾಗೋದೇ ಫೈನೈಟ್ ಡೈಮೆನ್ಷನಲ್ ವೆಕ್ಟರ್ ಸ್ಪೇಸು ಮತ್ತದರ ಡ್ಯುಯಲ್ಲು ಡಬಲ್ ಡ್ಯುಯಲ್ ಉದಾಹರಣೆಯಿಂದ.

ಅಕ್ಕಿ ಬೇಳೆ ಸಾಕು, ಇದೆಲ್ಲ ನಿಜವಾದ ಗಣಿತದಲ್ಲಿ ಎಲ್ಲಿ ಬರುತ್ತೆ ಅಂತ ಒಂದು ತೋರಿಸ್ತೀನಿ, ನೀವು ಡಿಗ್ರಿಲಿ ಮಾಡಿರೋದೇ. ಡಿಗ್ರಿ 2 ಮೀರದ ಪಾಲಿನಾಮಿಯಲ್‌ಗಳ ಸ್ಪೇಸ್ ತಗೊಳ್ಳಿ, ಡೈಮೆನ್ಷನ್ 3. "0 ಹಾಕಿದ್ರೆ ಎಷ್ಟು", "1 ಹಾಕಿದ್ರೆ ಎಷ್ಟು", "2 ಹಾಕಿದ್ರೆ ಎಷ್ಟು", ಈ ಮೂರೂ ಫಂಕ್ಷನಲ್‌ಗಳು, ಮೂರೂ ಸೊನ್ನೆ ಆಗೋ ಡಿಗ್ರಿ 2ರ ಪಾಲಿನಾಮಿಯಲ್ ಸೊನ್ನೆ ಒಂದೇ, ಹಾಗಾಗಿ ಇವು ವಿ ಸ್ಟಾರ್‌ಗೆ ಬೇಸಿಸ್. ಇವು ಯಾವ ಬೇಸಿಸ್‌ಗೆ ಡ್ಯುಯಲ್? ಒಂದು ಕಡೆ 1, ಉಳಿದೆರಡು ಕಡೆ 0 ಆಗೋ ಪಾಲಿನಾಮಿಯಲ್‌ಗಳಿಗೆ, ಅಂದ್ರೆ ನೀವು ಇಂಟರ್‌ಪೊಲೇಷನ್‌ನಲ್ಲಿ ನೋಡಿದ ಲಗ್ರಾಂಜ್ ಪಾಲಿನಾಮಿಯಲ್‌ಗಳಿಗೆ. ಉದಾಹರಣೆಗೆ ನಡುವಿಂದು ಎಕ್ಸ್ ಇಂಟು (2 − ಎಕ್ಸ್), 0 ಮತ್ತೆ 2ರಲ್ಲಿ ಸೊನ್ನೆ, 1ರಲ್ಲಿ ಒಂದು.

ಈಗ ಇನ್ನೊಂದು ಫಂಕ್ಷನಲ್ ತಗೊಳ್ಳಿ, 0 ಇಂದ 2ರ ತನಕ ಇಂಟಿಗ್ರೇಷನ್. ಪಾಲಿನಾಮಿಯಲ್ ತಗೊಂಡು ನಂಬರ್ ಕೊಡುತ್ತೆ, ಲೀನಿಯರ್ ಹೌದು. 1, ಎಕ್ಸ್, ಎಕ್ಸ್ ಸ್ಕ್ವೇರ್ ಬೇಸಿಸ್‌ನಲ್ಲಿ ಇದರ ರೇಟ್ ಲಿಸ್ಟ್ [2, 2, 8/3]. ಬೇಸಿಸ್‌ನ ಲಗ್ರಾಂಜ್‌ಗೆ ಬದಲಾಯಿಸಿ. ಹೊಸ ರೇಟ್ ಅಂದ್ರೆ ಹೊಸ ಕಿಟ್‌ಗಳ ಬೆಲೆ, ಅಂದ್ರೆ ಆ ಮೂರು ಲಗ್ರಾಂಜ್ ಪಾಲಿನಾಮಿಯಲ್‌ಗಳ ಇಂಟಿಗ್ರಲ್. ನಡುವಿಂದು 4 − 8/3 = 4/3, ಅಕ್ಕಪಕ್ಕದ್ದು 1/3, 1/3. ಅಂದ್ರೆ ಇಂಟಿಗ್ರಲ್ = 1/3 ಇಂಟು (0ರಲ್ಲಿನ ಬೆಲೆ + 4 ಇಂಟು 1ರಲ್ಲಿನ ಬೆಲೆ + 2ರಲ್ಲಿನ ಬೆಲೆ). ಗುರುತು ಸಿಕ್ತಾ? ಸಿಂಪ್ಸನ್ಸ್ ಒನ್ ಥರ್ಡ್ ರೂಲ್! ಎಲ್ಲಿಂದಲೋ ಬಿದ್ದಂಗೆ ಕಾಣ್ತಿದ್ದ ಆ 1, 4, 1 ಇಂಟಿಗ್ರೇಷನ್ ಅನ್ನೋ ಫಂಕ್ಷನಲ್‌ನ ಕೋಆರ್ಡಿನೇಟ್ಸ್, ಮತ್ತೇನಲ್ಲ. (ಎಕ್ಸ್ ಕ್ಯೂಬ್‌ಗೂ ಅದು ಸರಿ ಬರುತ್ತೆ, 4 ಅಂದ್ರೆ 4, ಅದು ನಡುವಿನ ಬಿಂದುವಿನ ಸುತ್ತ ಸಿಮೆಟ್ರಿ ಇರೋದ್ರಿಂದ ಬಂದ ಬೋನಸ್.) ಬಿಡುವಿದ್ದಾಗ 0, 1, 2 ಬದಲು 0, 1, 3 ಅಂತ ತಗೊಂಡು ನಿಮ್ಮದೇ ಒಂದು ರೂಲ್ ಮಾಡ್ಕೊಳ್ಳಿ.

ಎರಡು ಸಣ್ಣ ವಿಷಯ ಬೇಗ ಹೇಳಿ ನಿಮ್ಮ ಲೆಕ್ಕಕ್ಕೆ ಹೋಗ್ತೀನಿ. ಒಂದು, ಲೀನಿಯರ್ ಆಪರೇಟರ್‌ನ ಮ್ಯಾಟ್ರಿಕ್ಸ್ ಬೇಸಿಸ್ ಬದಲಾದಾಗ ಪಿ ಇನ್ವರ್ಸ್ ಎ ಪಿ ಆಗುತ್ತೆ, ಬೈಲೀನಿಯರ್ ಫಾರ್ಮ್‌ನ ಮ್ಯಾಟ್ರಿಕ್ಸ್ ಪಿ ಟ್ರಾನ್ಸ್‌ಪೋಸ್ ಎ ಪಿ ಆಗುತ್ತೆ, ಎರಡೂ ನೋಡೋಕೆ ಚೌಕ ಮ್ಯಾಟ್ರಿಕ್ಸೇ ಆದ್ರೂ ನಿಯಮ ಬೇರೆ ಯಾಕೆ ಅಂತ ಮುಂದಿನ ಸೆಮ್‌ನಲ್ಲಿ ತಲೆ ಕೆಡಿಸ್ಕೊಳ್ತೀರ. ಆಪರೇಟರ್ ಚೀಲ ತಗೊಂಡು ಚೀಲ ಕೊಡುತ್ತೆ, ಹೊರಗೆ ಬರೋದು ಚೀಲ, ಅದಕ್ಕೆ ಎಡಗಡೆ ಪಿ ಇನ್ವರ್ಸ್. ಬೈಲೀನಿಯರ್ ಫಾರ್ಮ್ ಚೀಲ ತಗೊಂಡು ರೇಟ್ ಲಿಸ್ಟ್ ಕೊಡುತ್ತೆ (ಇನ್ನೊಂದು ಚೀಲಕ್ಕೆ ಕಾಯ್ತಿರುತ್ತೆ), ಹೊರಗೆ ಬರೋದು ವಿ ಸ್ಟಾರ್ ಮೆಂಬರ್, ಅದಕ್ಕೆ ಎಡಗಡೆ ಪಿ ಟ್ರಾನ್ಸ್‌ಪೋಸ್. ಎರಡನೇದು, ಇನ್ಫಿನಿಟ್ ಡೈಮೆನ್ಷನ್‌ಗೆ ಹೋದ್ರೆ ನಾನು ಹೇಳಿದ್ದೆಲ್ಲ ಹಂಗೇ ನಡೆಯಲ್ಲ. ಎಲ್ಲಾ ಪಾಲಿನಾಮಿಯಲ್‌ಗಳ ಸ್ಪೇಸ್‌ನಲ್ಲಿ "1 ಹಾಕಿದ್ರೆ ಎಷ್ಟು" ಅನ್ನೋ ಬಡಪಾಯಿ ಫಂಕ್ಷನಲ್ ಕೂಡ 1, ಎಕ್ಸ್, ಎಕ್ಸ್ ಸ್ಕ್ವೇರ್ ಹೀಗೆ ಎಲ್ಲಾ ಪವರ್‌ಗಳ ಮೇಲೂ 1 ಕೊಡುತ್ತೆ, ಅದನ್ನ "ಇಷ್ಟನೇ ಪವರ್‌ನ ಕೋಎಫಿಷಿಯಂಟ್ ಎಷ್ಟು" ಅನ್ನೋ ಫಂಕ್ಷನಲ್‌ಗಳ ಫೈನೈಟ್ ಮೊತ್ತವಾಗಿ ಬರೆಯೋಕೆ ಆಗಲ್ಲ. ಅಲ್ಲಿ ವಿ ಸ್ಟಾರ್ ವಿ ಗಿಂತ ದೊಡ್ಡದು, ಡಬಲ್ ಸ್ಟಾರ್ ಇನ್ನೂ ದೊಡ್ಡದು, ಚೀಲ ಯಂತ್ರ ಆಗೋದು ಆಗುತ್ತೆ, ಆದ್ರೆ ಎಲ್ಲಾ ಯಂತ್ರಗಳೂ ಚೀಲದಿಂದ ಬಂದಿರಲ್ಲ.

ಈಗ ನಿಮ್ಮ ಇಂಟರ್ನಲ್ಸ್. (1,1,0), (0,1,1), (1,0,1) ಕಾಲಮ್ ಆಗಿ ನಿಲ್ಲಿಸಿದ್ರೆ ಪಿ ನ ರೋಗಳು (1,0,1), (1,1,0), (0,1,1). ಇನ್ವರ್ಸ್‌ನ ರೋಗಳು (1,1,−1), (−1,1,1), (1,−1,1), ಎಲ್ಲಾನೂ 2ರಿಂದ ಭಾಗಿಸಿ. ಅಂದ್ರೆ ಎಫ್1 = (ಎಕ್ಸ್ + ವೈ − ಝಡ್)/2, ಎಫ್2 = (−ಎಕ್ಸ್ + ವೈ + ಝಡ್)/2, ಎಫ್3 = (ಎಕ್ಸ್ − ವೈ + ಝಡ್)/2. ನೀವು ಬರೆದಿದ್ದು (1,−1,1), (1,1,−1), (−1,1,1), ಅದೇ ಇನ್ವರ್ಸ್‌ನ ಕಾಲಮ್‌ಗಳು! ಬೇಸಿಸ್ ಕಾಲಮ್‌ನಲ್ಲಿತ್ತು, ಡ್ಯುಯಲ್ಲೂ ಕಾಲಮ್‌ನಲ್ಲೇ ಇರುತ್ತೆ ಅನ್ಕೊಂಡ್ರಿ, ಮಲಗಿಸಿದ್ರೂ ನಿಲ್ಲಿಸಿದ್ರೂ ಒಂದೇ ಅನ್ನೋ ನಂಬಿಕೆ ಇಲ್ಲಿ ಕೈಕೊಟ್ಟಿದ್ದು. ಈ ಮ್ಯಾಟ್ರಿಕ್ಸ್‌ನಲ್ಲಿ ಪ್ರತೀ ರೋ ಹಿಂದಿನ ರೋದ ನಂಬರ್‌ಗಳನ್ನೇ ಒಂದೊಂದು ಮನೆ ಬಲಕ್ಕೆ ಸರಿಸಿ ಬರೆದಂಗಿದೆ, ಸರ್ಕ್ಯುಲಂಟ್ ಅಂತಾರೆ, ಅದಕ್ಕೆ ಇನ್ವರ್ಸ್‌ನ ಕಾಲಮ್‌ಗಳಲ್ಲೂ ರೋಗಳಲ್ಲೂ ಅದೇ ಮೂರು ತ್ರಿವಳಿ, ಸರದಿ ಮಾತ್ರ ಬೇರೆ. ಹಾಗಾಗಿ ನಿಮಗೆ ಮಾರ್ಕ್ಸ್ ಹಾಕಿದವರಿಗೆ "ಆರ್ಡರ್ ತಪ್ಪು" ಅಂತ ಕಂಡಿದೆ. ನಿಜಕ್ಕೂ ತಪ್ಪಿದ್ದು ಆರ್ಡರ್ ಅಲ್ಲ, ಬೇರೆ ಮ್ಯಾಟ್ರಿಕ್ಸ್ ಕೊಟ್ಟಿದ್ರೆ ಮೂರಕ್ಕೆ ಮೂರು ಫಂಕ್ಷನಲ್ಲೂ ತಪ್ಪಾಗ್ಬಹುದಿತ್ತು. ನಿಮ್ಮ ಎಫ್1 ಗೆ (1,1,0) ಹಾಕಿ ನೋಡಿ, (1 − 1 + 0)/2, ಸೊನ್ನೆ ಬರುತ್ತೆ, 1 ಬರ್ಬೇಕಿತ್ತು. ಡ್ಯುಯಲ್ ಬೇಸಿಸ್ ಬರೆದಾದ ಮೇಲೆ ಈ ಚೆಕ್ ಮಾಡೋಕೆ ಅರ್ಧ ನಿಮಿಷ ಸಾಕು.